ಬುಗುರಿಯ ಕಪಾಟು

ಬೀದಿಯ ಜನರಿಗೆಲ್ಲ ಅವನು ಬುಗುರಿ. ಐವತ್ತೇಳು ದಾಟಿದ, ಕಿವಿಗಳ ಮೇಲೆ ಮಾತ್ರ ಒಂದಿಷ್ಟು ಕೂದಲು ಉಳಿಸಿಕೊಂಡ, ಬಿರುಸಾಗಿ ನಡೆದರೆ ಏದುಸಿರು ಬಿಡುವ ಮನುಷ್ಯನಿಗೆ ಈ ಹೆಸರು ಹೇಗೆ ಅಂಟಿಕೊಂಡಿತು ಎಂದು ಹೊಸಬರು ಕೇಳುವುದುಂಟು. ಹಳಬರು ವಿವರಿಸುವ ಗೋಜಿಗೇ ಹೋಗುವುದಿಲ್ಲ. "ಒಂದ್ಸಲ ಅವರ ಮನೆಗೆ ಹೋಗಿಬನ್ನಿ, ನಿಮಗೇ ಗೊತ್ತಾಗುತ್ತೆ" ಎಂದು ನಕ್ಕು ಸುಮ್ಮನಾಗುತ್ತಾರೆ. ಹೋಗಿಬಂದವರು ಮತ್ತೆ ಕೇಳಿದ್ದಿಲ್ಲ. ಮಾರನೆಯ ದಿನದಿಂದ ಅವರೂ ಬುಗುರಿ ಎಂದೇ ಕರೆಯತೊಡಗುತ್ತಾರೆ.

ಅವನ ಹೊಟ್ಟೆಪಾಡು ಒಂದು ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ. ಮುಂದುಗಡೆ, ಗಿರಾಕಿಗಳು ಕನ್ನಡಿಯೆದುರು ಮೂತಿಯನ್ನು ಆ ಕಡೆ ಈ ಕಡೆ ತಿರುಗಿಸಿಕೊಂಡು ಫ್ರೇಮು ಆರಿಸುವಲ್ಲಿ, ಯಜಮಾನರ ದರ್ಬಾರು. ಹಿಂದುಗಡೆ ಒಂದು ಬಲ್ಬು, ಒಂದು ಸ್ಟೂಲು, ನೀರು ತೊಟ್ಟಿಕ್ಕುತ್ತಿರುವ ಒಂದು ಉಜ್ಜುವ ಚಕ್ರ, ಆಮೇಲೆ ಬುಗುರಿ. ಕಾರ್ಖಾನೆಯಿಂದ ದುಂಡಗೆ ಬರುವ ಗಾಜನ್ನು ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಉಜ್ಜುವ ಮೊದಲು ಗಾಜಿನ ಮೇಲೆ ಶಾಯಿಯಲ್ಲಿ ಒಂದು ಚುಕ್ಕೆ ಇಡಬೇಕು. ಹಾಕಿಕೊಳ್ಳುವವರ ಕಣ್ಣಿನ ಪಾಪೆ ಸರಿಯಾಗಿ ಆ ಚುಕ್ಕೆಯ ಹಿಂದೆಯೇ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ತಲೆನೋವು ಖಾತ್ರಿ. ಮೂವತ್ತೊಂದು ವರ್ಷದಲ್ಲಿ ಅವನ ಚುಕ್ಕೆ ತಪ್ಪಿದ್ದು ಎರಡೇ ಸಲ, ಅದರಲ್ಲೂ ಒಂದು ತನ್ನ ತಪ್ಪಲ್ಲ ಎಂದು ಇವತ್ತಿಗೂ ವಾದಕ್ಕೆ ನಿಲ್ಲುತ್ತಾನೆ.

ವಿಚಿತ್ರ ವಸ್ತುಗಳ ಈ ಹುಚ್ಚು ಹತ್ತಿದ್ದೂ ಅದೇ ಅಂಗಡಿಯಲ್ಲಿ. ಯಾರೋ ಒಬ್ಬ ಗಿರಾಕಿ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ಮರೆತುಹೋದ. ಅದರೊಳಗೆ ಹಿತ್ತಾಳೆಯ ಬಳೆ, ಬಳೆಯ ನಡುವೆ ಭಾರದ ಪುಟ್ಟ ಚಕ್ರ, ಒಂದು ತುಂಡು ದಾರ. ಯಜಮಾನರು ಒಂದು ವರ್ಷ ಕಾದರು, ಯಾರೂ ಬರಲಿಲ್ಲ. "ನೀನೇ ಇಟ್ಕೊಳ್ಳಪ್ಪ, ನನಗೆ ಇದ್ರಿಂದ ಏನಾಗ್ಬೇಕು" ಎಂದು ಹಿಂಕೋಣೆಗೆ ದಾಟಿಸಿದರು. ಬುಗುರಿ ದಾರ ಸುತ್ತಿ ಎಳೆದ. ಚಕ್ರ ಗುಂಯ್ ಎಂದಿತು. ಪೆನ್ನಿನ ತುದಿಯ ಮೇಲೆ ಇಟ್ಟರೆ ಬಳೆ ಪಕ್ಕಕ್ಕೆ ವಾಲಿತು, ಇನ್ನೇನು ಬಿತ್ತು ಅನ್ನುವಷ್ಟು ವಾಲಿತು, ಆದರೆ ಬೀಳಲಿಲ್ಲ. ಹಾಗೇ ಗಾಳಿಗೆ ಒರಗಿಕೊಂಡು, ಯಾವ ಅವಸರವೂ ಇಲ್ಲದೆ, ಪೆನ್ನಿನ ಸುತ್ತ ಪ್ರದಕ್ಷಿಣೆ ಹಾಕಿತು. ಅವನಿಗೆ ಮೈ ಜುಮ್ಮೆಂದಿತು. ಅವತ್ತು ಮೂರು ಜೊತೆ ಗಾಜು ಉಜ್ಜದೆ ಹಾಗೇ ಉಳಿದವು. ಸಂಜೆ ಆ ಚಕ್ರವನ್ನು ಊಟದ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡು ಮನೆಗೆ ಓಡಿದ. ಯಾಕೆಂದರೆ ಮನೆಯಲ್ಲಿ ಅಕ್ಕ ಇದ್ದಳು, ಮತ್ತು ಅಕ್ಕನಿಗೆ ತೋರಿಸುವ ತನಕ ಅವನ ಪಾಲಿಗೆ ಯಾವುದೂ ನಡೆದ ಹಾಗೇ ಅಲ್ಲ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ಹನ್ನೊಂದು. ಅಲ್ಲಿಂದ ಮುಂದೆ ತಲೆ ಬಾಚಿದ್ದು, ಬೈದದ್ದು, ಜ್ವರ ಬಂದರೆ ಎದ್ದು ಕೂತದ್ದು ಎಲ್ಲ ಅವಳೇ. ಹೊಲಿಗೆ ದಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಟ್ಟೆಯ ತುಂಡು ತಂದು ಮುಂದಿಟ್ಟರೆ, ಅದಕ್ಕೊಪ್ಪುವ ದಾರದ ಉಂಡೆಯನ್ನು ಗೋಡೆಯಷ್ಟಗಲದ ಕಪಾಟಿನಿಂದ ನೋಡದೆಯೇ ಎಂಬಂತೆ ಎತ್ತಿ ಕೊಡುತ್ತಿದ್ದಳು. ಕಪ್ಪಿನಲ್ಲೇ ಹನ್ನೊಂದು ಕಪ್ಪು ಇವೆ ಎನ್ನುವುದು ಅವಳ ಲೆಕ್ಕ. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ ಅಕ್ಕನದೊಂದು ಕತೆ, ತಮ್ಮನದೊಂದು ಕತೆ. ಎರಡೂ ಕಟ್ಟುಕತೆ ಎಂದು ಬೀದಿಗೇ ಗೊತ್ತು.

ಆ ಚಕ್ರದ ಹಿಂದೆ ಒಂದೊಂದಾಗಿ ಉಳಿದವು ಬಂದು ಮನೆಯ ಕಪಾಟು ಸೇರಿದವು. ಎರಡು ಬೀದಿ ಆಚೆ ಗುಜರಿ ಅಂಗಡಿ ಇಟ್ಟಿದ್ದವನಿಗೆ ಬುಗುರಿಯ ರುಚಿ ಗೊತ್ತಾಗಿಹೋಗಿತ್ತು. ಹಳೆಯ ಮನೆ ಖಾಲಿ ಮಾಡಿಸುವಾಗ, ಮುಚ್ಚಿದ ಶಾಲೆಯ ಸಾಮಾನು ಹರಾಜಾಗುವಾಗ, ಅರ್ಥವಾಗದ ವಸ್ತು ಕಂಡರೆ ತೆಗೆದಿಡುತ್ತಿದ್ದ. ನೀರಿನ ಲೋಟದ ಮುಂದೆ ನಿಂತು ಬಾಗಿ ಬಾಗಿ ಕುಡಿಯುವ ಗಾಜಿನ ಹಕ್ಕಿ ಬಂತು. ಹೊರಗೆ ಗಾಳಿ ಒಣಗಿದ್ದರೆ ದಿನವಿಡೀ ಕುಡಿಯುತ್ತದೆ, ಥಂಡಿ ಹಿಡಿದ ದಿನ ತುಟಿ ಒದ್ದೆ ಮಾಡಿಕೊಂಡು ಸುಮ್ಮನೆ ನಿಲ್ಲುತ್ತದೆ. "ಇವತ್ತು ನಿನ್ನ ಹಕ್ಕಿಗೆ ಉಪವಾಸ" ಎಂದು ಅಕ್ಕ ಬೆಳಗ್ಗೆಯೇ ವರದಿ ಕೊಡುತ್ತಿದ್ದಳು, ಅದನ್ನು ನೋಡಿಯೇ ಬಟ್ಟೆ ಒಣಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದಳು. ಕೈಯಲ್ಲಿ ಹಿಡಿದರೆ ಬಾಗುವ ಕಲ್ಲು ಬಂತು. ಕಲ್ಲೆಂದರೆ ಕಲ್ಲೇ, ಒಂದು ಗೇಣುದ್ದದ ತೆಳ್ಳನೆಯ ಹಲಗೆ. "ನಿನಗಿಂತ ವಾಸಿ ಬಿಡು, ಹೇಳಿದರೆ ಬಗ್ಗುತ್ತೆ" ಎಂದಳು ಅಕ್ಕ. ದೋಣಿಯ ಆಕಾರದ ಒಂದು ಮರದ ತುಂಡು ಬಂತು. ಬಲಕ್ಕೆ ತಿರುಗಿಸಿದರೆ ನುಣ್ಣಗೆ ತಿರುಗುತ್ತದೆ. ಎಡಕ್ಕೆ ತಿರುಗಿಸಿದರೆ ಎರಡು ಸುತ್ತು ಹೋಗಿ, ತಡವರಿಸಿ, ತಟತಟ ತಲೆ ಕೊಡವಿ, ಮತ್ತೆ ಬಲಕ್ಕೇ ತಿರುಗಿ ಹೊರಡುತ್ತದೆ. ಏನು ಮಾಡಿದರೂ ಅಷ್ಟೇ. ಬುಗುರಿ ಅದಕ್ಕೆ ಅಕ್ಕನ ಹೆಸರನ್ನೇ ಇಟ್ಟ. ಅಕ್ಕ ಎರಡು ದಿನ ಮಾತು ಬಿಟ್ಟಳು, ಆದರೆ ಒರೆಸುವಾಗ ಅದನ್ನೇ ಎಲ್ಲಕ್ಕಿಂತ ಮೊದಲು ಒರೆಸುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚು ಅವನಿಗೆ ಹಿಡಿಸಿದ್ದು ಬೆಳಕಿನ ಗಿರಣಿ. ಹೆಸರು ಅವನೇ ಇಟ್ಟದ್ದು. ಬಲ್ಬಿನಂಥ ಗಾಜಿನ ಬುರುಡೆ, ಒಳಗೆ ಸೂಜಿಯ ಮೊನೆಯ ಮೇಲೆ ನಾಲ್ಕು ಪುಟ್ಟ ರೆಕ್ಕೆ, ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ಗಾಳಿ ಬೇಡ, ಕೀಲಿ ಬೇಡ, ಬಿಸಿಲು ಬಿದ್ದರೆ ಸಾಕು, ತಿರುಗುತ್ತದೆ. ಮೋಡ ಕವಿದರೆ ನಿಧಾನ, ಮೋಡ ಸರಿದರೆ ಜೋರು. ಒಮ್ಮೊಮ್ಮೆ ರಜೆಯ ಮಧ್ಯಾಹ್ನ ಅವನು ನೆಲದ ಮೇಲೆ ಅಂಗಾತ ಮಲಗಿ ಅದನ್ನೇ ನೋಡುತ್ತ, ಅದು ನಿಂತಾಗ ಎಲ್ಲೋ ಒಂದು ಮೋಡ ಬಂದಿರಬೇಕು ಎಂದು ಅಂದಾಜು ಮಾಡುತ್ತ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಕಡೆ ತೇಲಿಕೊಂಡಿರುತ್ತಿದ್ದ. ರೆಕ್ಕೆಗಳ ನೆರಳು ಗೋಡೆಯ ಮೇಲೆ ಸುತ್ತುತ್ತಿತ್ತು. ಇಡೀ ಕೋಣೆ ನಿಧಾನಕ್ಕೆ ಎಲ್ಲಿಗೋ ಹೊರಟಿದೆ ಎಂದು ಅನ್ನಿಸುತ್ತಿತ್ತು.

ಹೊಸ ವಸ್ತು ಬಂದ ದಿನಕ್ಕೆ ಒಂದು ಕ್ರಮವಿತ್ತು. ಅಂಗಡಿ ಮುಗಿಸಿ ಐದೂವರೆಗೆ ಮನೆಗೆ ಬಂದರೆ, ಪಡುವಣ ಕಿಟಕಿಯಿಂದ ಇನ್ನೂ ಒಂದು ಗಂಟೆ ಬಿಸಿಲು ಸಿಗುತ್ತದೆ. ಕಿಟಕಿಯ ಕೆಳಗೆ ಮೇಜು. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಅಕ್ಕ, ಕೈ ಮಡಿಲಲ್ಲಿಟ್ಟುಕೊಂಡು, ಸಭೆಯ ಅಧ್ಯಕ್ಷೆಯ ಹಾಗೆ. ಬುಗುರಿ ಮೇಜಿನ ಪಕ್ಕ ನಿಂತು ಕಾಗದ ಬಿಚ್ಚುತ್ತಾನೆ. ವಿವರಣೆ ಕೊಡುವುದು ಅವನಿಗೆ ಬಾರದು. ಮೊದಲಿನಿಂದಲೂ ಮಾತು ಕಡಿಮೆ. ಸುಮ್ಮನೆ ಇಟ್ಟು, ತಿರುಗಿಸಿ, ಹಿಂದೆ ಸರಿದು ಅಕ್ಕನ ಮುಖ ನೋಡುತ್ತ ನಿಲ್ಲುತ್ತಾನೆ. ಅವಳ ಹುಬ್ಬು ಮೇಲೇರಿ, ಬಾಯಿ ಸ್ವಲ್ಪ ತೆರೆದು, "ಅಬ್ಬಾ, ಇದೇನೋ ಇದು!" ಎಂದರೆ ಅವನ ಬದುಕು ಸಾರ್ಥಕ. ಕೆಲವು ವರ್ಷಗಳಿಂದ ಕುರ್ಚಿ ಒಂಚೂರು ಒಂಚೂರೇ ಹಿಂದಕ್ಕೆ ಹೋಗಿ, ಈಗ ಎದುರಿನ ಗೋಡೆಗೇ ತಾಗಿಕೊಂಡಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಯೇನೋ ಎಂದುಕೊಂಡಿದ್ದ. ಅವಳ ಮೊಣಕಾಲಿನ ಕೆಳಗೆ ಆಗಾಗ ನೀಲಿಗಟ್ಟಿದ ಗಾಯವಿರುತ್ತಿತ್ತು. ಸ್ಟೂಲು ತಾಗಿತು, ಬಾಗಿಲು ತಾಗಿತು ಎನ್ನುತ್ತಿದ್ದಳು. ಅರವತ್ತಾರು ವರ್ಷಕ್ಕೆ ಇದೆಲ್ಲ ಇದ್ದದ್ದೇ ಎಂದು ಅವನೂ ಅಂದುಕೊಂಡ.

ಕಣ್ಣಿನ ಬಗ್ಗೆಯಂತೂ ಅವನಿಗೆ ಅನುಮಾನವೇ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿದ ಮೇಲೆ ಅವಳನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ ಅವನೇ ಪರೀಕ್ಷೆ ಮಾಡುತ್ತಿದ್ದ. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಅವಳು ಮೇಲಿನಿಂದ ಕೆಳಗಿನವರೆಗೆ ಗಡಗಡ ಓದಿ, ಕೊನೆಗೆ ಅಂಚಿನಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಡುತ್ತಿದ್ದಳು. "ನಮ್ಮಕ್ಕನ ಕಣ್ಣು ಗರುಡನ ಕಣ್ಣು" ಎಂದು ಅವನು ಯಜಮಾನರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷ ಗಾಜಿನ ನಟ್ಟನಡುವೆ ಚುಕ್ಕೆ ಇಟ್ಟವನಿಗೆ ಕಣ್ಣೆಂದರೆ ನಟ್ಟನಡುವೆ ಕಾಣುವುದು ಅಷ್ಟೇ ಆಗಿಹೋಗಿತ್ತು.

ಆ ಸಂಜೆ ಅವನು ತಂದದ್ದು ಇನ್ನೊಂದು ಬೆಳಕಿನ ಗಿರಣಿ. ಮೊದಲಿನದಕ್ಕಿಂತ ದೊಡ್ಡದು, ಒಂದರ ಮೇಲೊಂದು ಎರಡು ಗಿರಣಿ, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಗುಜರಿಯವನು ಮೂರು ತಿಂಗಳು ಬೆನ್ನು ಹತ್ತಿ ತರಿಸಿಕೊಟ್ಟದ್ದು. ಕಿಟಕಿಯ ತುಂಬ ಬಿಸಿಲು, ಎಣ್ಣೆಯ ಬಣ್ಣದ ಬಿಸಿಲು. ಬುಗುರಿ ಕಾಗದ ಬಿಚ್ಚಿ ಮೇಜಿನ ಮೇಲಿಟ್ಟ, ಹಿಂದೆ ಸರಿದ, ಅಕ್ಕನ ಮುಖ ನೋಡುತ್ತ ನಿಂತ. ಅವನ ಎದೆಯಲ್ಲಿ ಸಣ್ಣ ಹುಡುಗರ ಎದೆಯಲ್ಲಿ ಆಗುವಂಥದ್ದೇ ಏನೋ ಆಗುತ್ತಿತ್ತು.

ಅಕ್ಕನ ಹುಬ್ಬು ಮೇಲೇರಿತು. "ಅಬ್ಬಬ್ಬಾ, ಎಷ್ಟು ಜೋರಾಗಿ ತಿರುಗ್ತಿದೆಯೋ! ಹಳೇದು ಇದರ ಮುಂದೆ ಏನೂ ಅಲ್ಲ ಬಿಡು."

ಅವನು ಹೆಮ್ಮೆಯಿಂದ ಮೇಜಿನ ಕಡೆ ತಿರುಗಿದ. ಗಿರಣಿ ನಿಂತಿತ್ತು. ಎರಡೂ ನಿಂತಿದ್ದವು. ದಾರಿಯಲ್ಲಿ ಕುಲುಕಿದ್ದಕ್ಕೆ ರೆಕ್ಕೆಗಳು ಸೂಜಿಯಿಂದ ಜಾರಿ ಬುರುಡೆಯ ತಳದಲ್ಲಿ ಸತ್ತ ಪತಂಗದ ಹಾಗೆ ಬಿದ್ದಿದ್ದವು.

ಮೊದಲು ನಕ್ಕುಬಿಟ್ಟ. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ. "ಯಾವ ಕಡೆಗೆ ತಿರುಗ್ತಿದೆ ಹೇಳು ನೋಡೋಣ" ಎಂದ.

ಅಕ್ಕ ಅವನ ಮುಖವನ್ನೇ ನೋಡಿದಳು. ಅಲ್ಲಿ ನಗು ಕಂಡಿತು. "ಒಂದು ಆ ಕಡೆ, ಒಂದು ಈ ಕಡೆ. ನೀನೇ ತಾನೆ ನಿನ್ನೆ ಹೇಳಿದ್ದು" ಎಂದಳು, ತುಂಬಾ ಧೈರ್ಯವಾಗಿ.

ಅವನ ನಗು ಅಲ್ಲೇ ನಿಂತಿತು. ಆಮೇಲೆ ಹತ್ತಿರ ಹೋಗಿ ಅವಳ ಎದುರು ಮಂಡಿಯೂರಿ ಕೂತ. "ಅಕ್ಕಾ, ನನ್ನ ಮೂಗು ನೋಡು. ಮೂಗನ್ನೇ ನೋಡ್ಬೇಕು, ಆ ಕಡೆ ಈ ಕಡೆ ತಿರುಗಬಾರದು. ನನ್ನ ಬೆರಳು ಕಂಡ ತಕ್ಷಣ ಹೇಳು." ಬಲಗೈ ಚಾಚಿ, ತೋರುಬೆರಳನ್ನು ಅಲ್ಲಾಡಿಸುತ್ತ ದೂರದಿಂದ ಒಳಕ್ಕೆ ತಂದ. ಭುಜದ ನೇರಕ್ಕೆ ಬಂತು. ಕಿವಿಯ ನೇರಕ್ಕೆ ಬಂತು. ಕೆನ್ನೆಯ ಅಂಚಿಗೆ ಬಂತು. ಅಕ್ಕ ಅವನ ಮೂಗನ್ನು ವಿಧೇಯಳಾಗಿ ನೋಡುತ್ತ ಸುಮ್ಮನೆ ಕೂತಿದ್ದಳು. ಬೆರಳು ಮೂಗಿಗೆ ಇನ್ನೇನು ತಾಗಬೇಕು ಎನ್ನುವಾಗ "ಹಾಂ, ಬಂತು" ಎಂದಳು.

ಎಡಗೈಯಲ್ಲಿ ನೋಡಿದ. ಅದೂ ಅಷ್ಟೇ.

ಮಾರನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಅಕ್ಕನ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಚುಕ್ಕೆ ಚುಕ್ಕೆ ಬೆಳಕು ತೋರಿಸಿ, ಅರ್ಧ ಗಂಟೆ ಪರೀಕ್ಷೆ ಮಾಡಿದರು. ಹೊರಬಂದ ಕಾಗದದಲ್ಲಿ ಎರಡು ಕಪ್ಪು ವೃತ್ತ, ನಡುವೆ ಒಂದೊಂದು ಸಣ್ಣ ಬಿಳಿ ತೂತು. "ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಸವೆದಿದೆ. ಅಂಚಿನಿಂದ ಶುರುವಾಗುತ್ತೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ" ಎಂದರು. "ಹೋಗಿದ್ದು ಹೋಯ್ತು, ಅದನ್ನ ವಾಪಸ್ ತರೋಕೆ ಆಗಲ್ಲ. ಇರೋದನ್ನ ಉಳಿಸಿಕೊಳ್ಳಬಹುದು. ಬೆಳಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಜೀವ ಇರೋವರೆಗೆ. ತಪ್ಪಿಸಿದ್ರೆ ಈ ತೂತೂ ಮುಚ್ಚಿಕೊಳ್ಳುತ್ತೆ. ಇಷ್ಟು ದಿನ ಯಾರೂ ಪರೀಕ್ಷೆ ಮಾಡಿರಲಿಲ್ವಾ?"

"ಮಾಡಿದ್ರು" ಎಂದ ಬುಗುರಿ. ತನ್ನ ಉಗುರ ಸಂದಿಯ ಬಿಳಿ ಗಾಜಿನ ಹಿಟ್ಟನ್ನು ನೋಡುತ್ತ ಕೂತ.

ಔಷಧಿ ಕೊಡುವ ಕಿಟಕಿಯ ಮುಂದೆ ಉದ್ದದ ಬೆಂಚು. ಅಲ್ಲಿ ಕೂತು ಕಾಯುವಾಗ ಅವನು ಕೇಳಿದ, "ಎಷ್ಟು ದಿನದಿಂದ?"

"ನಾಲ್ಕು ವರ್ಷ ಇರಬೇಕು. ಮೊದಲು ಅಂಚು ಮಬ್ಬಾಯ್ತು. ಈಗ ಕೊಳವೆಯೊಳಗಿಂದ ನೋಡಿದ ಹಾಗೆ. ದೂರ ಕೂತರೆ ಸ್ವಲ್ಪ ಜಾಸ್ತಿ ಹಿಡಿಸುತ್ತೆ. ಕುರ್ಚಿ ಹಿಂದೆ ತಳ್ಳಿ ತಳ್ಳಿ ಗೋಡೆ ಬಂದುಬಿಡ್ತು, ಇನ್ನೆಲ್ಲಿಗೆ ಹೋಗಲಿ?" ಅಕ್ಕ ಯಾರದೋ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದಳು. "ಒಂದು ಸಲಕ್ಕೆ ಒಂದೇ ಕಾಣೋದು ಕಣೋ. ಮೇಜಿನ ಮೇಲಿಂದು ನೋಡಿದ್ರೆ ನಿನ್ನ ಮುಖ ಇಲ್ಲ. ನಿನ್ನ ಮುಖ ನೋಡಿದ್ರೆ ಅದು ಇಲ್ಲ."

"ಮತ್ತೆ ಇಷ್ಟು ದಿನ ನೀನು..."

"ನಿನ್ನ ಮುಖ ನೋಡ್ತಿದ್ದೆ. ಅದು ತಿರುಗ್ತಿದೆಯೋ, ಹಾರ್ತಿದೆಯೋ, ನಿನ್ನ ಮುಖದಲ್ಲೇ ಬರೆದಿರುತ್ತಲ್ಲ. ಸಾಮಾನು ಎಲ್ಲಿ ಹೋಗುತ್ತೆ, ಕಪಾಟಿನಲ್ಲಿ ಇದ್ದೇ ಇರುತ್ತೆ. ನೀನು ಹಾಗೆ ನಿಂತ್ಕೊಳ್ಳೋದು ಅಪರೂಪಕ್ಕೆ ಒಂದು ದಿನ."

ಇಬ್ಬರೂ ಇಷ್ಟು ವರ್ಷ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕೂತಿದ್ದೆವು, ಮೇಜಿನ ಮೇಲೆ ಏನಿದೆ ಎಂದು ನೋಡಲು ಯಾರೂ ಇರಲಿಲ್ಲ ಎಂದು ಅವನಿಗೆ ಹೊಳೆದು ನಗು ಬರಬೇಕಾಗಿತ್ತು, ಬರಲಿಲ್ಲ. "ಹೇಳ್ಬಾರದಿತ್ತಾ ಅಕ್ಕಾ?"

"ಹೇಳಿದ್ರೆ ನೀನು ಇದೆಲ್ಲ ಬಿಟ್ಟುಬಿಡ್ತಿದ್ದೆ. ನಿನ್ನ ನನಗೆ ಗೊತ್ತಿಲ್ವಾ?"

ಅಕ್ಕನಿಗೆ ಗೊತ್ತಿತ್ತು. ಬಿಟ್ಟೇಬಿಟ್ಟ. ಅದೇ ಭಾನುವಾರ ಕಪಾಟಿನಲ್ಲಿದ್ದದ್ದನ್ನೆಲ್ಲ ಇಳಿಸಿ, ಒಂದೊಂದಕ್ಕೂ ಹಳೆಯ ಬನಿಯನ್ ಸುತ್ತಿ, ಆರು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಮಂಚದ ಕೆಳಗೆ ತಳ್ಳಿದ. ಕುಡಿಯುವ ಹಕ್ಕಿಯ ಕೊಕ್ಕಿನ ನೀರನ್ನು ಒರೆಸಿ ಒಳಗಿಡುವಾಗ ಕೈ ಸ್ವಲ್ಪ ತಡೆಯಿತು, ಅಷ್ಟೇ. ಅಕ್ಕನ ಕಣ್ಣು ಅಂಗುಲ ಅಂಗುಲವಾಗಿ ಮುಚ್ಚಿಕೊಳ್ಳುವಾಗ ತಾನು ಗಾಜಿನ ಹಕ್ಕಿಗೆ ನೀರು ಕುಡಿಸುತ್ತಿದ್ದೆ ಎಂದು ಅವನ ಮನಸ್ಸು ಅವನನ್ನು ಹಗಲೂ ಇರುಳೂ ಕುಟುಕುತ್ತಿತ್ತು. ಇನ್ನು ಆಟ ಸಾಕು. ಬೆಳಗ್ಗೆ ಎಂಟಕ್ಕೊಂದು ಹನಿ, ಸಂಜೆ ಆರಕ್ಕೊಂದು ಹನಿ. ಗಡಿಯಾರ ನೋಡಿ ಹಾಕುತ್ತಿದ್ದ, ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಿದ್ದ. ಮನೆಯ ಸ್ಟೂಲುಗಳನ್ನೆಲ್ಲ ಗೋಡೆಗೆ ಸರಿಸಿದ. ಹೊಸ್ತಿಲಿಗೆ ಬಿಳಿ ಬಣ್ಣ ಬಳಿದ. ಸಂಜೆ ಅಕ್ಕನ ಎದುರು ಕೂತು ಪತ್ರಿಕೆ ಓದಿ ಹೇಳುತ್ತಿದ್ದ. ಸಾವಿನ ಸುದ್ದಿಯನ್ನೂ ಮದುವೆಯ ಸುದ್ದಿಯನ್ನೂ ಒಂದೇ ದನಿಯಲ್ಲಿ ಓದುತ್ತಿದ್ದ.

ಮೂರು ವಾರ ಅಕ್ಕ ತಡೆದುಕೊಂಡಳು. ನಾಲ್ಕನೆಯ ವಾರದ ಒಂದು ಸಂಜೆ ಅವನು ಹನಿಯ ಶೀಷೆ ಹಿಡಿದು ಬಂದರೆ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತಳು.

"ತೆಗಿ ಅಕ್ಕಾ, ಆರು ಗಂಟೆ ಆಯ್ತು."

"ತೆಗೆಯಲ್ಲ."

"ಯಾಕೆ, ಉರಿಯುತ್ತಾ?"

"ಉರಿಯೋದು ಹೊಟ್ಟೆ. ಡಾಕ್ಟರಮ್ಮ ಇಷ್ಟು ಕಷ್ಟಪಟ್ಟು ಒಂದು ತೂತು ಉಳಿಸಿಕೊಟ್ಟಿದ್ದು ಯಾತಕ್ಕೆ, ದಿನಾ ನಿನ್ನ ಈ ಹರಳೆಣ್ಣೆ ಕುಡಿದ ಮುಖ ನೋಡೋಕಾ? ಪೆಟ್ಟಿಗೆ ಆಚೆ ತೆಗಿ, ಆಮೇಲೆ ಹನಿ ಹಾಕು."

ಅವನು ಬೇಡಿಕೊಂಡ. ಗದರಿದ. ತಲೆ ಹಿಡಿದು ಬಲವಂತವಾಗಿ ಹಾಕಲು ಹೋದರೆ ಹನಿ ರೆಪ್ಪೆಯ ಮೇಲೆ ಬಿದ್ದು ಕೆನ್ನೆಗಿಳಿಯಿತು. ಬೆಳಗ್ಗೆಯೂ ಅದೇ ಕತೆ, ಮತ್ತೆ ಸಂಜೆಯೂ ಅದೇ. ಕ್ಯಾಲೆಂಡರಿನಲ್ಲಿ ಎರಡು ದಿನ ಗೀಟಿಲ್ಲದೆ ಖಾಲಿ ಉಳಿದವು. ಎಡಕ್ಕೆ ತಿರುಗಿಸಿದರೆ ಬಲಕ್ಕೇ ತಿರುಗುವ ಆ ಮರದ ತುಂಡಾದರೂ ಸ್ವಲ್ಪ ದೂರ ಹೇಳಿದ ಮಾತು ಕೇಳುತ್ತದೆ, ಇವಳು ಅಷ್ಟೂ ಇಲ್ಲ. ಕೊನೆಗೆ ಅವನು ಕೂಗಿಯೇಬಿಟ್ಟ: "ನಿನಗೆ ಕಾಣದ್ದನ್ನ ನಿನ್ನ ಮುಂದೆ ಇಟ್ಟು ನಾನು ಹಲ್ಲು ಕಿರೀಬೇಕಾ? ಅಷ್ಟು ಕಟುಕ ಅಂದ್ಕೊಂಡ್ಯಾ ನನ್ನ?"

ಅಕ್ಕ ಗೋಡೆಗೆ ತಾಗಿದ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

ಮೂರನೆಯ ದಿನ ಅವನಿಂದ ಕೆಲಸ ಮಾಡಲಾಗಲಿಲ್ಲ. ಒಂದು ಗಾಜಿನ ಮೇಲೆ ಇಟ್ಟ ಚುಕ್ಕೆಯನ್ನು ನಾಲ್ಕು ಸಲ ಒರೆಸಿ ನಾಲ್ಕು ಸಲ ಇಟ್ಟ. ಯಜಮಾನರು ಇಣುಕಿ ನೋಡಿ "ಹೋಗಪ್ಪ, ಮನೆಗೆ ಹೋಗು" ಎಂದರು. ನಾಲ್ಕು ಗಂಟೆಗೇ ಬಂದ. ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಬೆತ್ತದ ಕುರ್ಚಿ ಖಾಲಿ. ಅಡುಗೆಮನೆ ಖಾಲಿ. ಅಕ್ಕನ ಚಪ್ಪಲಿ ಇರಲಿಲ್ಲ.

ಅವಳು ಒಬ್ಬಳೇ ಹೊರಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಬೀದಿಗಿಳಿದವನಿಗೆ ಎಲ್ಲ ವಾಹನಗಳೂ ಪಕ್ಕದಿಂದಲೇ ಬರುತ್ತವೆ ಎನ್ನುವುದು ಆವತ್ತು ಮೊದಲ ಸಲ ಕಂಡಿತು. ಸೈಕಲ್ಲು ಪಕ್ಕದಿಂದ, ಬಸ್ಸು ಪಕ್ಕದಿಂದ, ಕೈಗಾಡಿಯವನು ಪಕ್ಕದಿಂದ. ಎದುರಿಗೆ ನೇರವಾಗಿ ಬಂದು ಗುದ್ದುವಂಥದ್ದು ಏನೂ ಇಲ್ಲ. ಏದುಸಿರು ಬಿಡುತ್ತ ಓಡಿದ. ಎಲ್ಲಿಗೆ ಎಂದು ಯೋಚಿಸಲಿಲ್ಲ, ಕಾಲಿಗೆ ಗೊತ್ತಿದ್ದ ದಾರಿ ಹಿಡಿದ.

ಎರಡನೆಯ ಬೀದಿಯ ತಿರುವಿನಲ್ಲಿ ಅವಳು ಸಿಕ್ಕಳು. ಒಂದು ಕೈಯನ್ನು ಅಂಗಡಿಗಳ ಗೋಡೆಯ ಮೇಲೆ ಸವರಿಕೊಂಡು, ಇನ್ನೊಂದರಲ್ಲಿ ಉದ್ದನೆಯ ಪೊಟ್ಟಣವನ್ನು ಎದೆಗವುಚಿಕೊಂಡು, ಹೆಜ್ಜೆ ಎಣಿಸುವವಳ ಹಾಗೆ ಬರುತ್ತಿದ್ದಳು. ಗುಜರಿಯವನು ನಾಲ್ಕು ಮಾರು ಹಿಂದೆ, ಕಳ್ಳನ ಹಾಗೆ ಹಿಂಬಾಲಿಸುತ್ತಿದ್ದ. ಬುಗುರಿಯನ್ನು ಕಂಡದ್ದೇ ಕೈಮುಗಿದುಬಿಟ್ಟ. "ನಾನು ಬಿಟ್ಟುಬರ್ತೀನಿ ಅಂದೆ, ಕೇಳಲಿಲ್ಲ ನೋಡಿ. ಕೈ ಹಿಡಿದ್ರೆ ಸಾಮಾನು ಇಲ್ಲೇ ಬಿಟ್ಟು ಹೋಗ್ತೀನಿ ಅಂದ್ರು. ಅದಕ್ಕೇ ಹಿಂದೆ ಹಿಂದೇನೇ ಬಂದೆ."

"ಏನು ಬೇಕಂತೆ ಇವಳಿಗೆ?"

"ನಿಧಾನವಾಗಿರೋದು ಏನಾದ್ರೂ ಕೊಡು ಅಂದ್ರು. ಬೇಗ ಬೇಗ ತಿರುಗೋದು ನನಗೆ ತಪ್ಪಿಹೋಗುತ್ತೆ, ನಿಧಾನದ್ದು ಬೇಕು ಅಂದ್ರು."

ಬುಗುರಿಗೆ ಬೈಯಬೇಕೆಂದಿತ್ತು. ಅಕ್ಕನ ತೋಳು ಹಿಡಿದ. ಅವಳು ಕೊಡವಿಕೊಳ್ಳಲಿಲ್ಲ. ಇಬ್ಬರೂ ಮನೆಗೆ ಬಂದರು.

ಪೊಟ್ಟಣ ಬಿಚ್ಚಿದ್ದು ಅವನೇ. ಒಂದು ಮೊಳದ ದಪ್ಪ ಗಾಜಿನ ಕೊಳವೆ, ಎರಡೂ ತುದಿ ಮುಚ್ಚಿದ್ದು, ಒಳಗೆ ನೀರಿನಂಥದ್ದೇನೋ, ಅದರಲ್ಲಿ ಗೋಲಿಯಷ್ಟು ದಪ್ಪದ ಬಣ್ಣದ ಗಾಜಿನ ಬುಡ್ಡೆಗಳು: ಹಸಿರು, ಹಳದಿ, ನೇರಳೆ, ಕೆಂಪು, ನೀಲಿ. ಮೂರು ತಳದಲ್ಲಿ ಕೂತಿದ್ದವು, ಎರಡು ಮೇಲೆ ತೇಲುತ್ತಿದ್ದವು. ಬುಗುರಿ ಇಂಥದ್ದರ ಬಗ್ಗೆ ಕೇಳಿದ್ದ, ಕಣ್ಣಾರೆ ಕಂಡಿರಲಿಲ್ಲ. ಒಳಗಿನ ನೀರು ಬಿಸಿಯಾದಷ್ಟೂ ಹಗುರಾಗುತ್ತದೆ, ಆಗ ಮೇಲಿನವು ಒಂದೊಂದಾಗಿ ಮುಳುಗುತ್ತವೆ. ಸೆಖೆ ಎಷ್ಟಿದೆ ಎಂದು ಹೇಳುವ ಯಂತ್ರ. ಹೇಳುವುದಕ್ಕೆ ಅರ್ಧ ದಿನ ತೆಗೆದುಕೊಂಡರೂ ಆಶ್ಚರ್ಯವಿಲ್ಲ.

ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅವನು ಕೊಳವೆಯನ್ನು ಅಲ್ಲಿಡಲು ಹೋಗಿ ನಿಂತ. ಅಕ್ಕ ಗೋಡೆಗೊರಗಿ ಕೂತು ನೋಡುತ್ತಿದ್ದಳು. ಮೇಜನ್ನಲ್ಲ, ಅವನನ್ನು. ಮೇಜಿನ ಮೇಲಿಟ್ಟರೆ ಅವಳು ಮತ್ತೆ ಆರಿಸಬೇಕು. ಕುರ್ಚಿಗೆ ಹಿಂದೆ ಹೋಗಲು ಇನ್ನು ಜಾಗವಿಲ್ಲ.

ಅವನು ಮೇಜನ್ನು ಪಕ್ಕಕ್ಕೆ ತಳ್ಳಿ, ಕಿಟಕಿಗೆ ಬೆನ್ನು ಮಾಡಿ, ಅದರ ಕಟ್ಟೆಯ ಮೇಲೆ ಕೂತ. ಕೊಳವೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಎಡಗೆನ್ನೆಗೆ ಆನಿಸಿಕೊಂಡ. ಗಾಜು ತಣ್ಣಗಿತ್ತು. ಹಿಂದಿನಿಂದ ಬಂದ ಬಿಸಿಲು ಬುಡ್ಡೆಗಳನ್ನು ಹಾದು ಅವನ ಬೋಳುತಲೆಯ ಅಂಚಿಗೆ ಹಸಿರು, ಕೆಂಪು ಬಳಿಯಿತು. ಬೀದಿಯಲ್ಲಿ ಯಾರಾದರೂ ಕಂಡಿದ್ದರೆ ಹುಚ್ಚು ಪೂರ್ತಿ ತಲೆಗೇರಿತು ಎಂದೇ ತೀರ್ಮಾನಿಸುತ್ತಿದ್ದರು.

"ಕಾಣುತ್ತಾ?"

"ಸುಮ್ನಿರು. ಅಲ್ಲಾಡ್ಬೇಡ." ಅಕ್ಕ ತಲೆಯನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಮಾಡಿ, ಒಂದು ಕಡೆ ನಿಲ್ಲಿಸಿದಳು. ಉಸಿರು ಬಿಟ್ಟಳು. "ಎರಡೂ ಕಾಣ್ತಿದೆ ಕಣೋ. ಅರ್ಧ ನೀನು, ಅರ್ಧ ಅದು."

ಕಾಯುವುದು ಶುರುವಾಯಿತು. ಅವನು ಓಡಿಬಂದ ಬಿಸಿ ಇನ್ನೂ ಮೈಯಲ್ಲಿತ್ತು. ಅದು ಕೆನ್ನೆಯಿಂದ, ಅಂಗೈಯಿಂದ ಗಾಜಿಗಿಳಿಯುತ್ತಿತ್ತು. ಹೊರಗೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಗೋಡೆಯ ಮೇಲೆ ಬಿಸಿಲು ಕುರ್ಚಿಯ ಹಿಡಿಯಿಂದ ಅಕ್ಕನ ಮಣಿಕಟ್ಟಿಗೆ ಏರಿತು, ಅಲ್ಲಿಂದ ಅವಳ ಬಿಳಿ ಕೂದಲಿನ ಅಂಚಿಗೆ. ಹತ್ತು ನಿಮಿಷವೋ, ಇಪ್ಪತ್ತೋ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ನೀರಿನಡಿಯಲ್ಲಿ ಕೂತವರಂತೆ ಕೂತಿದ್ದರು. ಅವನಿಗೆ ಕುತ್ತಿಗೆ ಹಿಡಿದುಕೊಂಡಿತು, ಆದರೂ ಅಲುಗಲಿಲ್ಲ.

ಕೆನ್ನೆಗೊತ್ತಿದ ಕೊಳವೆಯೊಳಗೆ ಏನಾಗುತ್ತಿದೆ ಎನ್ನುವುದು ಅವನಿಗೆ ಕಾಣುವಂತಿರಲಿಲ್ಲ. ಅಕ್ಕನ ಮುಖ ಮಾತ್ರ ಕಾಣುತ್ತಿತ್ತು. ಮೊದಲು ಅವಳ ಹುಬ್ಬು ಮೇಲೇರಿತು. ತುಟಿ ಒಂಚೂರು ತೆರೆಯಿತು. ಆಮೇಲೆ ಕಣ್ಣು, ಅವನ ಕಿವಿಯ ಹತ್ತಿರದಿಂದ ಗದ್ದದ ಕಡೆಗೆ, ತುಂಬಾ ತುಂಬಾ ನಿಧಾನವಾಗಿ ಇಳಿಯತೊಡಗಿತು. ಒಂದು ಬುಡ್ಡೆ ಮುಳುಗುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಎಷ್ಟು ಇಳಿಯಿತು, ಎಲ್ಲಿ ತಡೆಯಿತು, ಯಾವಾಗ ತಳ ಮುಟ್ಟಿತು ಎನ್ನುವುದೂ ಗೊತ್ತಾಯಿತು. ಅವನ ಕಣ್ಣು ತುಂಬಿಬಂತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಅಳಬೇಡ, ಗಾಜು ಒದ್ದೆಯಾಗುತ್ತೆ" ಎಂದಳು ಅಕ್ಕ.

"ಮುಗೀತಲ್ಲ, ಇಡಲಾ?"

"ಇನ್ನೊಂದು ಮೇಲೇ ಇದೆ. ನೀಲಿ. ಹಾಗೇ ಇರು."

ಅವನು ಹಾಗೇ ಇದ್ದ. ನೀಲಿಯೂ ಇಳಿದು ತಳ ಸೇರಿದ ಮೇಲೆ ಅಕ್ಕ ತಲೆಯನ್ನು ಗೋಡೆಗೆ ಒರಗಿಸಿ, ಎರಡೂ ಕಣ್ಣುಗಳನ್ನು ಅಗಲವಾಗಿ ತೆರೆದು, "ತಗೊಂಡು ಬಾ, ಹನಿ ಹಾಕು" ಎಂದಳು.